ತಲಪಾಡಿ ದಾಟಿದ ಮೇಲೆ ಜಾತಿ ಪತ್ರ

"ಮೀಸಲಾತಿ ಇದೆಯಲ್ಲ, ಕೊರಗರ ಮಕ್ಕಳಿಗೆ ಕಾಲೇಜು ಸೇರಲು ಏನು ಕಷ್ಟ?" ಅಂತ ಕೇಳಿದಿರಿ. ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರದ ಕಡೆಯ ಲೆಕ್ಕ ಸ್ವಲ್ಪ ಬೇರೆ.

ಕೊರಗರು ಕೇರಳದಲ್ಲೂ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲೂ. ಆದರೆ ಪಟ್ಟಿ ಆಯಾ ರಾಜ್ಯದ್ದು. ಕಾಸರಗೋಡು ಜಿಲ್ಲೆಯ ಜಾತಿ ಪತ್ರ ಗಡಿಯ ತಲಪಾಡಿ ಗೇಟು ದಾಟಿದರೆ ಕರ್ನಾಟಕದ ಮೀಸಲು ಸೀಟಿಗೆ ನಡೆಯುವುದಿಲ್ಲ. 2022ರಲ್ಲಿ ಕರ್ನಾಟಕ ಪಂಗಡದ ಪಾಲನ್ನು ಶೇ. 3ರಿಂದ 7ಕ್ಕೆ ಏರಿಸಿದಾಗ ಗಡಿಯಾಚೆಯ ಉಳ್ಳಾಲದ ಕೊರಗರ ಹುಡುಗಿಗೆ ಲಾಭವಾಯಿತು. ಗಡಿಯ ಈಚೆ ಕುಂಜತ್ತೂರಿನಲ್ಲಿರುವ ಅವಳ ಚಿಕ್ಕಮ್ಮನ ಮಗಳಿಗೆ ಕೇರಳದ ವೃತ್ತಿಪರ ಕೋರ್ಸಿನ ಶೇ. 2 ಮಾತ್ರ.

ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಒಂದು ಬಾಗಿಲಿದೆ, 50 ಅಂಕದ ಕನ್ನಡ ಪರೀಕ್ಷೆ ಬರೆಯಬೇಕು. ಅಲ್ಲಿ ನೋಡುವುದು ಭಾಷೆಯನ್ನು. ಮನೆಯಲ್ಲಿ ಕೊರಗ ಭಾಷೆ, ಶಾಲೆಯಲ್ಲಿ ಮಲಯಾಳ ಕಲಿತ ಮಗುವಿಗೆ ಆ ಬಾಗಿಲು ಎಲ್ಲಿಂದ ತೆರೆದೀತು?

ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದು ಕೇಂದ್ರದ ಸಂಸ್ಥೆಗಳ ದಾರಿ. ಸುರತ್ಕಲ್ಲಿನ ಎನ್‌ಐಟಿ ಇರಲಿ, ಕಾಸರಗೋಡಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇರಲಿ, ಅಲ್ಲಿನ ಶೇ. 7.5 ಮೀಸಲಿಗೆ ಯಾವ ರಾಜ್ಯದ ಪಂಗಡದವರೂ ಅರ್ಹರು. ಐಐಟಿಗಳಲ್ಲಿ ಇನ್ನೊಂದು ಒಳದಾರಿಯೂ ಇದೆ, ಹೆಚ್ಚಿನವರಿಗೆ ಗೊತ್ತೇ ಇಲ್ಲ. ಮೀಸಲು ಸೀಟು ಖಾಲಿ ಉಳಿದರೆ ಕಟಾಫ್‌ಗಿಂತ ಸ್ವಲ್ಪ ಕೆಳಗಿರುವವರನ್ನು ಕರೆದು ಒಂದು ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷ್ ಕಲಿಸುತ್ತಾರೆ. ಅದರಲ್ಲಿ ಪಾಸಾದರೆ ಪ್ರವೇಶ ಪರೀಕ್ಷೆ ಜೆಇಇಯನ್ನು ಮತ್ತೆ ಬರೆಯದೆ ಪದವಿಗೆ ಸೇರಬಹುದು. ನನ್ನ ಮಟ್ಟಿಗೆ ಶೇಕಡಾವಾರಿಗಿಂತ ಆ ಒಂದು ವರ್ಷವೇ ದೊಡ್ಡದು.

ಹತ್ತನೆಗೇ ಶಾಲೆ ಬಿಟ್ಟವರಿಗೆ ಎನ್‌ಐಒಎಸ್ ಎಂಬ ಕೇಂದ್ರದ ಮುಕ್ತ ಶಾಲೆ ಉಂಟು. ಡಿಪ್ಲೊಮಾ ಮಾಡಿದರೆ ನೇರ ಎರಡನೇ ವರ್ಷದ ಎಂಜಿನಿಯರಿಂಗೂ ಸಿಗುತ್ತದೆ.

ಆದರೆ ಕೇಂದ್ರದ ಅರ್ಜಿಗೆ ಜಾತಿ ಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ಕಳೆದ ಸಲ ಒಬ್ಬಳ ಜೊತೆ ಅರ್ಜಿ ಹಾಕಿಸುವ ಅಕ್ಷಯ ಕೇಂದ್ರಕ್ಕೆ ಹೋಗಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು, ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ಒಂದು ಥರ, ಎಸ್ಸೆಸ್ಸೆಲ್ಸಿಯಲ್ಲಿ ಇನ್ನೊಂದು. ಅದನ್ನು ಸರಿ ಮಾಡಿಸಲು ಮೂರು ಸಲ ಅಲೆದೆವು. ಅವಳಪ್ಪ ಬುಟ್ಟಿ ಹೆಣೆಯುವವರು, ಮೂರು ದಿನದ ದುಡಿಮೆ ಹೋಯಿತು. ಕೊನೆಗೆ ಅರ್ಜಿಯಲ್ಲಿ 'ಮಾತೃಭಾಷೆ' ಅಂತ ಬಂದಾಗ ಅವಳು ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿ, "ಇದರಲ್ಲಿ ನಮ್ಮದಿಲ್ಲ, ಯಾವುದನ್ನು ಒತ್ತಲಿ?" ಅಂದಳು.