ಸೌದೆ ಒಲೆಯಲ್ಲಿ ಹೊಗೆ ಕಡಿಮೆ ಮಾಡೋದು ಹೇಗೆ?

ತಿಪಟೂರಿನ ತೋಟದ ಮನೆಯಲ್ಲಿ ಸೌದೆ ಒಲೆ ಹೊಗೆ ತುಂಬುತ್ತೆ, ಸೌದೆಯೂ ಬೇಗ ಮುಗಿಯುತ್ತೆ ಅಂತ ಕೇಳಿದ್ದೀರಿ. ಮೊದಲು ಸೌದೆ ನೋಡಿ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಶಾಖದಲ್ಲಿ ಒಂದು ಪಾಲು ಆ ನೀರನ್ನ ಆವಿ ಮಾಡೋದಕ್ಕೇ ಹೋಗುತ್ತೆ. ಉರಿಯುವಾಗ ಹಿಂದಿನ ತುದಿಯಲ್ಲಿ ನೊರೆ ಬಂದು ಸುಯ್ ಅಂದರೆ ಅದು ಹಸಿ ಅಂತಲೇ ಲೆಕ್ಕ. ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿ, ಮಳೆ ತಾಗದ ಕಡೆ ಗಾಳಿಯಾಡುವ ಹಾಗೆ ಆರು ತಿಂಗಳಾದರೂ ಒಟ್ಟಿಡಿ. ಒಣಗಿದ ಎರಡು ತುಂಡು ತಾಗಿಸಿದರೆ ಟಣ್ ಅನ್ನಬೇಕು.

ಒಲೆ ಬಾಯಿ ತುಂಬ ತುರುಕಬೇಡಿ. ಎರಡು ಮೂರು ಸೌದೆ ಇಟ್ಟು, ಉರಿದಂತೆ ಒಳಕ್ಕೆ ತಳ್ಳಿ. ತಳಕ್ಕೆ ಕಬ್ಬಿಣದ ಜಾಲರಿ ಹಾಕಿದರೆ ಬೂದಿ ಕೆಳಗೆ ಬಿದ್ದು, ಗಾಳಿ ಅಡಿಯಿಂದ ನುಗ್ಗುತ್ತೆ. ನಮ್ಮ ಮನೇಲಿ ಇದೊಂದು ಮಾಡಿದ ಮೇಲೆ ಅಮ್ಮ ಊದುಗೊಳವೆ ಮುಟ್ಟೋದೇ ಅಪರೂಪ.

ಹೊಸದಾಗಿ ಕಟ್ಟಿಸೋದಾದರೆ ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ರೂಪಿಸಿದ್ದು. ಅವರು ಹಳ್ಳಿ ಕೇಂದ್ರ ಮಾಡಿದ್ದು ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಒಂದೇ ಉರಿಗೆ ಮೂರು ಪಾತ್ರೆ ಕೂರುತ್ತೆ, ಹೊಗೆ ಕೊಳವೆಯಲ್ಲಿ ಆಚೆ ಹೋಗುತ್ತೆ. ಕೊಳವೆಯ ಮಸಿ ಮಾತ್ರ ಆಗಾಗ ತೆಗೀತಿರಿ. ಕಟ್ಟಿಕೊಂಡರೆ ಹೊಗೆ ವಾಪಸ್ ಅಡುಗೆಮನೆಗೇ ಬರುತ್ತೆ.