ಮೊಬೈಲ್‌ನಲ್ಲಿ ಫೋಟೋ ತೆಗೆಯುವಾಗ ಕಾಂಪೋಸಿಷನ್ (ಚೌಕಟ್ಟಿನೊಳಗೆ ಯಾವುದು ಎಲ್ಲಿರಬೇಕು ಅನ್ನೋ ಜೋಡಣೆ) ಕಲಿಯೋದು ಹೇಗೆ?

ಪರದೆ ಮೇಲೆ ಗ್ರಿಡ್ ಗೆರೆಗಳನ್ನು ಹಾಕಿಕೊಂಡು ರೂಲ್ ಆಫ್ ಥರ್ಡ್ಸ್ (ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲೆ ಇಡುವ ನಿಯಮ) ಪಾಲಿಸಿದರೂ ಫೋಟೋ ಸಪ್ಪೆಯಾಗೇ ಬರುತ್ತದೆ ಅಂತ ಕೇಳಿದ್ದೀರಿ. ನಾನೂ ಫೋಟೋಗ್ರಫಿ ಕಲಿಯುತ್ತಿರುವ ವಿದ್ಯಾರ್ಥಿಯೇ. ನಾನು ಏನು ಮಾಡುತ್ತೇನೋ ಅದನ್ನಷ್ಟೇ ಹೇಳುತ್ತೇನೆ.

ಆ ನಿಯಮದಲ್ಲಿ ತಪ್ಪೇನಿಲ್ಲ. ಕ್ಯಾಮೆರಾ ಬರುವುದಕ್ಕೂ ಮೊದಲೇ, 1797ರಲ್ಲಿ, ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಹಳ್ಳಿಗಾಡಿನ ಚಿತ್ರಗಳ ಬಗ್ಗೆ ಬರೆಯುತ್ತಾ ಅದನ್ನು ಹೇಳಿದ್ದ. ಆದರೆ ಮುಖ್ಯ ವಸ್ತು ಎಲ್ಲಿರಬೇಕು ಅನ್ನೋದು ಅದರಿಂದ ಗೊತ್ತಾಗುತ್ತೆ, ಉಳಿದ ಜಾಗದಲ್ಲಿ ಏನು ಇರಬಾರದು ಅನ್ನೋದು ಗೊತ್ತಾಗಲ್ಲ. ಫೋಟೋ ಜಾಸ್ತಿ ಕೆಡೋದು ಅಲ್ಲೇ.

ಹಾಗಾಗಿ ನಾನು ಮೊದಲು ನೋಡೋದು ನಾಲ್ಕು ಅಂಚುಗಳನ್ನು. ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನ ಹೂವಿನ ವ್ಯಾಪಾರವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಮೇಲಿನ ಮಹಡಿಯಿಂದ ಬಗ್ಗಿ ನೋಡಿದರೆ ಚೆಂಡು ಹೂವು, ಸೇವಂತಿಗೆ, ಗುಲಾಬಿ, ಗೋಣಿಚೀಲ, ಜನ ಎಲ್ಲಾ ಒಟ್ಟಿಗೆ ಕಣ್ಣಿಗೆ ಬೀಳುತ್ತೆ. ಎಲ್ಲವನ್ನೂ ಹಿಡಿಯೋ ಆಸೆ ಬೇರೆ! ನಾನು ಹಳದಿ ಚೆಂಡು ಹೂವಿನ ಒಂದೇ ಒಂದು ರಾಶಿ ಆರಿಸಿಕೊಳ್ಳುತ್ತೇನೆ, ಅದರ ಪಕ್ಕದ ಓಡಾಡುವ ಜಾಗವನ್ನೂ ಸೇರಿಸಿ. ಮೂಲೆಯಲ್ಲಿ ಅರ್ಧ ನೀಲಿ ಬಕೆಟ್ ಇಣುಕುತ್ತಿದ್ದರೆ ಒಂದು ಹೆಜ್ಜೆ ಸರಿಯುತ್ತೇನೆ. ಆಮೇಲೆ ಕಾಯೋದು. ತಲೆ ಮೇಲೆ ಅದೇ ಹೂವಿನ ಬುಟ್ಟಿ ಹೊತ್ತವರು ಯಾರಾದರೂ ಆ ಖಾಲಿ ಜಾಗಕ್ಕೆ ಬಂದೇ ಬರುತ್ತಾರೆ. ಬುಟ್ಟಿಗೂ ರಾಶಿಗೂ ನಡುವೆ ಚೂರು ನೆಲ ಕಾಣುವಾಗ ಕ್ಲಿಕ್. ಎರಡೂ ತಾಗಿಕೊಂಡರೆ ಮೇಲಿನಿಂದ ಹಳದಿ ಮೇಲೆ ಹಳದಿ ಕೂತು ಬುಟ್ಟಿಯೇ ಕಳೆದುಹೋಗುತ್ತೆ.

ಫ್ರೆಂಚ್ ಫೋಟೋಗ್ರಾಫರ್ ಆನ್ರಿ ಕಾರ್ತಿಯೇ-ಬ್ರೆಸ್ಸೋ 1932ರಲ್ಲಿ ಫ್ರಾನ್ಸಿನ ಇಯೇರ್ ಎಂಬ ಊರಲ್ಲಿ ತೆಗೆದ ಸೈಕಲ್ ಸವಾರನ ಫೋಟೋ ಹುಡುಕಿ ನೋಡಿ. ಮೇಲಿನಿಂದ ಸುರುಳಿಯಾಗಿ ಇಳಿಯುವ ಮೆಟ್ಟಿಲು, ಕಂಬಿ, ಕೆಳಗೆ ರಸ್ತೆಯಲ್ಲಿ ಮಸುಕಾದ ಸೈಕಲ್. ಸೈಕಲ್ಲನ್ನು ಬೆರಳಿನಿಂದ ಮುಚ್ಚಿ ನೋಡಿ, ಆಗಲೂ ಚೌಕಟ್ಟು ಬಿಗಿಯಾಗೇ ಇರುತ್ತೆ. ನನಗೆ ಯಾವ ನಿಯಮಕ್ಕಿಂತಲೂ ಈ ಒಂದು ಫೋಟೋದಿಂದ ಜಾಸ್ತಿ ಉಪಯೋಗವಾಗಿದೆ.

ಕಾರ್ತಿಯೇ-ಬ್ರೆಸ್ಸೋ ಹೆಚ್ಚಾಗಿ ಬಳಸಿದ್ದು 50 ಎಂಎಂ ಲೆನ್ಸ್ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿಗೆ ಕಾಣುವ ನೋಟ ಅಗಲ). ನಮ್ಮ ಮೊಬೈಲ್‌ಗಳ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂನಷ್ಟು ಅಗಲಕ್ಕೆ ನೋಡುತ್ತೆ, ಬೇಡದ್ದೆಲ್ಲಾ ಒಳಗೆ ಬರುತ್ತೆ. 2ಎಕ್ಸ್ ಒತ್ತಿದರೆ ಹೆಚ್ಚು ಕಡಿಮೆ 50 ಎಂಎಂ ನೋಟ ಸಿಗುತ್ತೆ. ಸ್ವಲ್ಪ ಕಾಲ ಅದರಲ್ಲೇ ತೆಗೆಯಿರಿ.

ಆಮೇಲೆ ಕ್ರಾಪ್ ಮಾಡಿದರಾಯ್ತು, ಅಂದರೆ ಅಂಚು ಕತ್ತರಿಸಿದರಾಯ್ತು ಅಲ್ವಾ ಅನ್ನಬಹುದು. ಅಂಚಿನ ಬಕೆಟ್ಟನ್ನೇನೋ ಕ್ರಾಪ್ ಮಾಡಿ ತೆಗೆಯಬಹುದು. ಆದರೆ ತಲೆಯ ಹಿಂದೆ ಲೈಟ್ ಕಂಬ ನೆಟ್ಟಗೆ ನಿಂತಿದ್ದರೆ ಕ್ರಾಪ್‌ನಿಂದ ಏನೂ ಆಗಲ್ಲ. ಅದಕ್ಕೆ ನೀವೇ ಜಾಗ ಬದಲಿಸಬೇಕು, ಇಲ್ಲಾ ಮಂಡಿಯೂರಬೇಕು.