ಕನ್ನಡಕ ಹೋಯಿತು, ರೆಟಿನಾ ಪರೀಕ್ಷೆ ಯಾಕೆ?

ಪ್ರಶ್ನೆ: ನನಗೆ 56 ವರ್ಷ. ಮೈನಸ್ 12 ನಂಬರ್ ಇತ್ತು. ಪೊರೆ ಆಪರೇಷನ್ ಆದ ಮೇಲೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ. ಆದರೂ ಆಗಾಗ ರೆಟಿನಾ ತೋರಿಸಿ ಅನ್ನುತ್ತಾರೆ, ಯಾಕೆ?

ಉತ್ತರ: ನಂಬರ್ ಹೋಗಿದೆ, ಕಣ್ಣಿನ ಉದ್ದ ಹೋಗಿಲ್ಲ ಅಲ್ವಾ! ಸಾಮಾನ್ಯ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿ.ಮೀ. ಇದ್ದರೆ, ಇಷ್ಟು ನಂಬರ್ ಇದ್ದವರದ್ದು ಸಾಮಾನ್ಯವಾಗಿ 26 ದಾಟಿರುತ್ತದೆ, ಒಳಗಿನ ರೆಟಿನಾ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ) ಎಳೆದು ತೆಳ್ಳಗಾಗಿರುತ್ತದೆ. ಪೊರೆ ತೆಗೆದ ಮೇಲೆ ಕಣ್ಣೊಳಗಿನ ಲೋಳೆ ರೆಟಿನಾದಿಂದ ಬಿಟ್ಟುಕೊಳ್ಳುವುದು ಬೇಗ ಆಗಬಹುದು. ಆಗ ತೆಳು ಜಾಗವನ್ನು ಜಗ್ಗಿದರೆ ಅಲ್ಲಿ ಹರಿಯುತ್ತದೆ, ಹರಿದ ಕಡೆ ನೀರು ನುಗ್ಗಿ ರೆಟಿನಾನೇ ಕಳಚಬಹುದು. ವರ್ಷಗಳ ನಂತರವೂ ಆಗಬಹುದು. ಬೇಗ ಸಿಕ್ಕ ಹರುಕಿಗೆ ಹೆಚ್ಚಾಗಿ ಲೇಸರ್ ಸಾಕು. ಆದರೆ ರೆಟಿನಾ ಹರಿದರೂ ನೋವಿರುವುದಿಲ್ಲ, ಅದೇ ತೊಂದರೆ. ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆ ದಿಢೀರ್ ಜಾಸ್ತಿಯಾದರೆ, ಪಕ್ಕದಿಂದ ಪರದೆ ಎಳೆದಂತಾದರೆ ಅವತ್ತೇ ಹೋಗಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುತ್ತಾರೆ, ಗಾಡಿ ನೀವೇ ಓಡಿಸಬೇಡಿ.